ಗಂಟೆಗೆ ನಾಲಿಗೆ ಕಟ್ಟುವ ಗಿರಿಜವ್ವ

ಮಂಗಳವಾರದ ನಸುಕು. ಶಿರಸಿಯ ಆಸ್ಪತ್ರೆಯೊಂದರ ಮಹಡಿಯಲ್ಲಿ, ಗಂಡಸರ ವಾರ್ಡಿನ ಬಾಗಿಲ ಪಕ್ಕದ ಗೋಡೆಗೆ ಬೆನ್ನು ಕೊಟ್ಟು ಗಿರಿಜವ್ವ ನೆಲದ ಮೇಲೆ ಕುಳಿತಿದ್ದಾರೆ. ಒಂದು ಕಾಲು ಮಡಚಿದೆ, ಒಂದು ಕಾಲು ಚಾಚಿದೆ. ಚಾಚಿದ ಕಾಲಿನ ಹೆಬ್ಬೆರಳಿಗೆ ಪುಂಡಿ ನಾರಿನ ತುದಿ ಸಿಕ್ಕಿಸಿ, ಎಳೆಯ ಮೇಲೆ ಎಳೆ ತಂದು ಕಣ್ಣಿ ಹೆಣೆಯುತ್ತಿದ್ದಾರೆ. ಕಣ್ಣಿ ಎಂದರೆ ದನದ ಕೊರಳಿಗೆ ಕಟ್ಟುವ ಹಗ್ಗ. ಗಂಟೆ ತೂಗುವುದು ಅದರಲ್ಲೇ. ನೆಲ ಒರೆಸುವ ಹೆಂಗಸು ಬಂದು ನಿಂತರೆ ಗಿರಿಜವ್ವ ಕಾಲನ್ನಷ್ಟೇ ಮೇಲೆತ್ತುತ್ತಾರೆ, ಕೈ ನಿಲ್ಲಿಸುವುದಿಲ್ಲ. ಉದುರುವ ನಾರಿನ ಚೂರನ್ನೆಲ್ಲ ಸೆರಗಿನಲ್ಲಿ ಹಿಡಿದುಕೊಳ್ಳುತ್ತಾರೆ. ವಾರ್ಡಿನ ಒಳಗೆ ಒಂದು ಎಳೆ ನಾರೂ ಬರಕೂಡದು ಎಂಬ ಕರಾರಿನ ಮೇಲೆ ಅವರಿಗೆ ಈ ಜಾಗ ಸಿಕ್ಕಿದೆ.

“ಸುಮ್ನ ಕುಂತ್ರ ಇಲ್ಲದ್ದೆಲ್ಲಾ ತಲ್ಯಾಗ ಬರ್ತೈತ್ರಿ,” ಎನ್ನುತ್ತಾರೆ. “ಕೈ ಆಡ್ತಿದ್ರ ಮನಸು ಅದರ ಬೆನ್ನ ಹತ್ತಿ ಹೊಕ್ಕೈತಿ. ಇವತ್ತ ಸಂತಿ ಬ್ಯಾರೆ.”

ಗೋಡೆಯ ಆಚೆ ಮಂಚದ ಮೇಲೆ ಅವರ ಗಂಡ ಸಂಗಯ್ಯ ಮಲಗಿದ್ದಾರೆ. ಕರುಳು ತಿರುಚಿಕೊಂಡು ಸ್ವಲ್ಪ ಭಾಗ ಸತ್ತೇ ಹೋಗಿತ್ತು. ಅದನ್ನು ಕತ್ತರಿಸಿ ತೆಗೆದು ಉಳಿದದ್ದನ್ನು ಜೋಡಿಸಿದ್ದಾರೆ. ಜೋಡಿಸಿದ ಕರುಳು ಮತ್ತೆ ಕೆಲಸ ಶುರುಮಾಡಿತು ಎನ್ನಲು ಒಂದು ಗುರುತು ಬೇಕು. ಹೊಟ್ಟೆಯ ಗಾಳಿ ಕೆಳಗಿನಿಂದ ಹೋಗಬೇಕು. ಅಲ್ಲಿಯವರೆಗೆ ಬಾಯಿಗೆ ಹನಿ ನೀರೂ ಇಲ್ಲ. ಇಷ್ಟು ಹೊತ್ತಿಗೆ ಹೋಗಬೇಕಿತ್ತು, ಹೋಗಿಲ್ಲ. ನಾಳೆಯವರೆಗೆ ನೋಡುತ್ತೇವೆ, ಇಲ್ಲವಾದರೆ ಸ್ಕ್ಯಾನ್ ಮಾಡಿ, ಬೇಕಾದರೆ ಮತ್ತೊಮ್ಮೆ ಹೊಟ್ಟೆ ತೆರೆಯಬೇಕಾಗಬಹುದು ಎಂದು ಡಾಕ್ಟರ್ ಸೋಮವಾರ ಹೇಳಿ ಹೋಗಿದ್ದಾರೆ.

ಅಷ್ಟರಲ್ಲಿ ಮಗ ವಿನೋದ ಮೆಟ್ಟಿಲು ಹತ್ತಿ ಬರುತ್ತಾನೆ. ಹೆಣೆದ ಕಣ್ಣಿಗಳ ಕಂತೆಯನ್ನು ಸಂತೆಗೆ ಒಯ್ಯಲೆಂದು ಬಾಗಿಲ ಹೊರಗೇ ಕಟ್ಟಿಟ್ಟು ಒಳಗೆ ಹೋಗಿ ಅಪ್ಪನ ಕಾಲ ಬಳಿ ನಿಲ್ಲುತ್ತಾನೆ. ಮೂಗಿನಲ್ಲಿ ನಳಿಗೆ ಇರುವ ಸಂಗಯ್ಯ ಮಾತಾಡುವುದಿಲ್ಲ. ಅಂಗೈಯನ್ನು ಹೊದಿಕೆಯ ಮೇಲೆ ಬೋರಲು ಹಾಕಿ, ಏನನ್ನೋ ಹಾಸುವವರಂತೆ ಸವರಿ ತೋರಿಸುತ್ತಾರೆ.

“ಹಾಸೇನಪಾ. ಕತ್ಲಾಗ ಹೋಗಿ ತಟ್ಟು ಹಾಸಿ, ಕಲ್ಲ ಇಟ್ಟ ಬಂದೇನಿ. ಶಿಲ್ಪಾ ಅಲ್ಲೇ ಕುಂತಾಳ,” ಎನ್ನುತ್ತಾನೆ ವಿನೋದ. ಶಿಲ್ಪಾ ಅವನ ಹೆಂಡತಿ.

ಸಂಗಯ್ಯ ಕಣ್ಣು ಮುಚ್ಚುತ್ತಾರೆ. ಅದೇ ಅವರ ಸಮಾಧಾನ.

ಸಂತೆಯ ವಾಡಿಕೆ ತಿಳಿಯದವರಿಗೆ ಈ ತಟ್ಟಿನ ವಿಷಯ ಹೇಳಬೇಕು. ಸಂತೆಯಲ್ಲಿ ನೆಲದ ಮೇಲೆ ಕೂತು ಮಾರುವವರಿಗೆ ಕಾಗದಪತ್ರದ ಹಕ್ಕು ಯಾವುದೂ ಇಲ್ಲ. ವಾರವಾರವೂ ಯಾರ ಗೋಣಿತಟ್ಟು ಎಲ್ಲಿ ಬೀಳುತ್ತದೋ ಆ ಜಾಗ ಅವರದು. ಕೆಲವು ವಾರ ಖಾಲಿ ಬಿದ್ದರೆ ಅಕ್ಕಪಕ್ಕದವರು ಸರಿದು ಕೂರುತ್ತಾರೆ, ಯಾರ ತಪ್ಪೂ ಅಲ್ಲ. ಶಿರಸಿಯ ಮಂಗಳವಾರ, ಸಿದ್ದಾಪುರದ ಬುಧವಾರ, ಯಲ್ಲಾಪುರದ ಭಾನುವಾರ ಎಂದು ಸಂಗಯ್ಯನವರ ತಟ್ಟು ಮೂರು ಕಡೆ ಬೀಳುತ್ತದೆ. ಅವರ ತಂದೆಯ ಕಾಲದಿಂದ ಬಿದ್ದಿದೆ.

ಶಿರಸಿ ಸಂತೆಯಲ್ಲಿ ‘ಗಂಟಿ ಸಂಗಯ್ಯ’ ಎಂದರೆ ಹಳಬರಿಗೆಲ್ಲ ಗೊತ್ತು. ಗಿರಿಜವ್ವ ಗೊತ್ತಿಲ್ಲ. ನನಗೂ ಗೊತ್ತಿರಲಿಲ್ಲ. ಸಂಗಯ್ಯನವರ ಬಗ್ಗೆ ಬರೆಯೋಣವೆಂದೇ ನಾನು ಹಿಂದಿನ ವಾರ ಸಂತೆಗೆ ಹೋದದ್ದು. ಅವರ ಮಗ್ಗುಲಲ್ಲಿ ಕತ್ತಿ, ಕುಡುಗೋಲು ಹರಡಿಕೊಂಡು ಕೂರುವ ಸಿದ್ದಾಪುರ ಕಡೆಯ ಹುಚ್ಚಣ್ಣ ನನ್ನನ್ನು ತಡೆದರು.

“ಸಂಗಯ್ಯನೋರು ಮಾರೋದು ಹೌದು. ಗಂಟೆಗೆ ಸಬ್ದ ಕೊಡೋದು ಅವರಲ್ಲ ಮಾರಾಯ್ರೆ,” ಎಂದರು. “ಅದು ಆ ಅಮ್ಮಂದು. ಆಸ್ಪತ್ರೇಲಿ ಅದೆ ಈಗ. ಮೊದ್ಲು ಅಲ್ಲಿಗೆ ಹೋಗಿ.”

ಹಾಗೆ ನಾನು ಇಲ್ಲಿಗೆ ಬಂದೆ. ಕಷ್ಟದಲ್ಲಿರುವವರ ಎದುರು ಪೆನ್ನು ಹಿಡಿದು ಕೂರಬಹುದೇ ಎಂದು ಕೇಳಿದ್ದಕ್ಕೆ ಗಿರಿಜವ್ವ ಪಕ್ಕದ ನೆಲವನ್ನು ಸೆರಗಿನಿಂದ ಒರೆಸಿ, “ಕುಂಡ್ರಿ. ಮಾತಾಡಾಕ ಒಬ್ರಾದ್ರು,” ಎಂದರು.

ಎರಕದವರಿಂದ ಬರುವಾಗ ಗಂಟೆಗೆ ಬಾಯಿ ಮಾತ್ರ ಇರುತ್ತದೆ, ನಾಲಿಗೆ ಇರುವುದಿಲ್ಲ. ಒಳಗೆ ತೂಗಿ ಬಡಿಯುವ ಆ ತುಂಡನ್ನು ಕಟ್ಟುವುದು ಗಿರಿಜವ್ವನ ಕೆಲಸ. ಎಮ್ಮೆಗಾದರೆ ಗಟ್ಟಿ ಮರದ ತುಂಡು, ಹಸುವಿಗಾದರೆ ಕಬ್ಬಿಣದ ಗುಂಡು, ಕರುವಿಗೆ ಹುಣಸೆ ಬೀಜದಷ್ಟು ಪುಟ್ಟದು. ಕಟ್ಟುವ ದಾರ ಗಿಡ್ಡವಾದರೆ ಒಂದು ದನಿ, ಒಂದು ಎಳೆ ಉದ್ದವಾದರೆ ಇನ್ನೊಂದು ದನಿ. ಕಟ್ಟಿ, ಕಿವಿಯ ಹತ್ತಿರ ಅಲ್ಲಾಡಿಸಿ, ಬಿಚ್ಚಿ, ಮತ್ತೆ ಕಟ್ಟುತ್ತಾರೆ.

ಮದುವೆಯಾಗಿ ಬನವಾಸಿ ಹತ್ತಿರದ ಈ ಮನೆಗೆ ಬಂದಾಗ ಅವರಿಗೆ ಇದೇನೂ ಗೊತ್ತಿರಲಿಲ್ಲ. ಕಲಿಸಿದವರು ಮಾವ. ಅವರದು ಜಂಗಮರ ಮನೆ. ಮಾವನ ಅಪ್ಪ ಕಾಲಿಗೆ ಜಂಗು ಕಟ್ಟಿಕೊಂಡು ಭಿಕ್ಷೆಗೆ ಹೋಗುತ್ತಿದ್ದರಂತೆ. ಆ ಜಂಗಿನ ಸದ್ದು ಕೇಳಿ, ನಮ್ಮ ಎತ್ತಿಗೂ ಇಂಥದ್ದೊಂದು ತಂದುಕೊಡಿ ಅಯ್ಯನವರೇ ಎಂದು ಯಾರೋ ರೈತರು ಕೇಳಿದರಂತೆ. ವ್ಯಾಪಾರ ಶುರುವಾದದ್ದು ಹಾಗೆ ಎಂಬುದು ಮನೆಯ ಮಾತು.

“ನಮ್ಮ ಮಾವ ಕಣ್ಣ ಮುಚ್ಚಿಸಿ ಕಲಸ್ತಿದ್ರು,” ಎಂದು ಗಿರಿಜವ್ವ ಕೈಯಲ್ಲಿನ ನಾರು ನೋಡುತ್ತ ಹೇಳುತ್ತಾರೆ. “ಎರಡ ಗಂಟಿ ಬಾರಸೋರು. ‘ಇದ್ರಾಗ ಆಕಳ ಯಾವ್ದು, ಕರ ಯಾವ್ದು ಹೇಳ್ವಾ’ ಅನ್ನೋರು. ತಪ್ಪ ಹೇಳಿದ್ರ ಬೈತಿದ್ದಿಲ್ಲ. ‘ಮೊದ್ಲ ಊಟಾ ಮಾಡು, ಹಸದ ಕಿವಿಗೆ ಕೇಳಸೂದಿಲ್ಲ’ ಅನ್ನೋರು.”

ಆ ಕಾಲದ ಬಗ್ಗೆ ಮಾತಾಡುವಾಗ ಅವರ ಮುಖದ ಬಿಗಿ ಸಡಿಲುತ್ತದೆ. ಆಗ ಒಂದು ಕೇರಿಯಲ್ಲಿ ಎರಡು ಮನೆಯ ಗಂಟೆ ಒಂದೇ ದನಿಯಲ್ಲಿ ಇರಕೂಡದು ಎಂಬ ಕಟ್ಟುಪಾಡಿತ್ತು. ಕಾಡಿಗೆ ಬಿಟ್ಟ ದನ ಯಾರದೆಂದು ದೂರದಿಂದಲೇ ತಿಳಿಯಬೇಕಲ್ಲ. ಹೊಸ ಗಂಟೆ ಕೊಳ್ಳಲು ಬಂದವರು ಅಕ್ಕಪಕ್ಕದ ಮನೆಯ ಹಸುವಿನ ಕೊರಳಿನಿಂದ ಗಂಟೆ ಬಿಚ್ಚಿಕೊಂಡು, ಪಂಚೆಯಲ್ಲಿ ಸುತ್ತಿ ಸಂತೆಗೆ ತರುತ್ತಿದ್ದರು. ಅದನ್ನು ಬಾರಿಸಿ ತೋರಿಸಿದರೆ, ಅದಕ್ಕೆ ಹೊಂದದ ಹಾಗೆ ಗಿರಿಜವ್ವ ಹೊಸದಕ್ಕೆ ನಾಲಿಗೆ ಕಟ್ಟಿಕೊಡುತ್ತಿದ್ದರು. ಎದುರಿಗೆ ಕೂತು ವ್ಯಾಪಾರ ಮಾಡುವವರು ಸಂಗಯ್ಯ. ಹಿಂದೆ ಚೀಲಗಳ ಮರೆಯಲ್ಲಿ ಕೂತು ಕಟ್ಟುವವರು ಗಿರಿಜವ್ವ. ಗಿರಾಕಿಗಳು ಕಂಡದ್ದು ಸಂಗಯ್ಯನವರನ್ನು.

“ಸಿದ್ದಾಪುರದ ಬಸ್ಸಿನ ಮ್ಯಾಲೆ ನಮ್ಮ ಚೀಲ ಹಾಕ್ತಿದ್ವಿರಿ. ಹುಲ್ಲ ತುರುಕಿದ್ರೂ ಸುಮ್ನಿರ್ತಿದ್ದಿಲ್ಲ ಅವು. ಒಂದೊಂದ ತಿರವಿಗೂ ಘಣಘಣ ಅನ್ನೋವು. ರಸ್ತೆ ದಂಡಿಗೆ ನಿಂತ ಮಂದಿ, ‘ಗಂಟಿ ಬಸ್ ಬಂತು, ಏಳ್ರೋ’ ಅಂತಿದ್ರಂತ. ಡ್ರೈವರು ಹಾರ್ನ್ ಹೊಡೀತಿದ್ದಿಲ್ಲ ನೋಡ್ರಿ,” ಎಂದು ನಗುತ್ತಾರೆ. ಬಸ್ಸಿನ ಮೇಲೆ ಸಾಮಾನು ಹಾಕುವ ಏಣಿಗಳು ಈಗ ಹೋಗಿವೆ. ಗಂಟೆಗಳು ವಿನೋದನ ಹಳೆಯ ಓಮ್ನಿಯಲ್ಲಿ, ರಟ್ಟಿನ ಪೆಟ್ಟಿಗೆಗಳಲ್ಲಿ, ಸದ್ದಿಲ್ಲದೆ ಹೋಗುತ್ತವೆ.

ದನಗಳೂ ಕಾಡಿಗೆ ಹೋಗುವುದು ಕಡಿಮೆಯಾಗಿದೆ. ಕೊಟ್ಟಿಗೆಯಲ್ಲೇ ಕಟ್ಟಿ ಹಾಕುವ ಜರ್ಸಿ ಹಸುವಿಗೆ ಗಂಟೆ ಯಾಕೆ? ಈಗ ಕೊಳ್ಳುವವರು ಬಾಗಿಲಿಗೆ ತೂಗಿಹಾಕುವವರು, ಹೋಮ್‌ಸ್ಟೇ ನಡೆಸುವವರು. ಅಪರೂಪಕ್ಕೆ ಹಳಬರೂ ಬರುತ್ತಾರೆ. ಯಲ್ಲಾಪುರದ ಸಂತೆಯಲ್ಲಿ ನನಗೆ ಸಿಕ್ಕ ವಜ್ರಳ್ಳಿಯ ಮಹೇಶ್ವರಿ ಹೆಗಡೆಯವರ ಮನೆಯಲ್ಲಿ ಈಗ ದನವೇ ಇಲ್ಲ. ಆದರೂ ಹಸುವಿನ ಗಂಟೆಯೊಂದನ್ನು ಕೊಂಡು ಕೈಚೀಲದಲ್ಲಿ ಇಟ್ಟುಕೊಳ್ಳುತ್ತಿದ್ದರು. “ನಮ್ಮನೆ ಗಂಗೆ ಬೆಟ್ಟದಲ್ಲಿ ಎಲ್ಲಿದ್ದು ಹೇಳಿ ಆನು ಒಲೆ ಮುಂದೆ ಕೂತ್ಕಂಡೇ ಹೇಳ್ತಿದ್ದಿ,” ಎಂದರು. “ಈಗ ಗಂಗೆ ಇಲ್ಲೆ. ಶಬ್ದ ಆದ್ರೂ ಇರ್ಲಿ ಹೇಳಿ.”

ಅದೇ ಯಲ್ಲಾಪುರದ ಸಂತೆಯಲ್ಲೇ ಸಂಗಯ್ಯನವರಿಗೆ ಹೊಟ್ಟೆನೋವು ಬಂದದ್ದು. ಮೊದಲು ಸೋಡಾ ಕುಡಿದರು, ಆಮೇಲೆ ಓಮಿನ ಕಷಾಯ ಮಾಡಿಸಿ ಕುಡಿದರು. ಸಂತೆ ಮುಗಿಯದೆ ತಟ್ಟು ಎತ್ತುವುದಿಲ್ಲ ಎಂದು ಹಟ ಹಿಡಿದರು. ತಟ್ಟಿನ ಮೇಲೇ ಮುದುಡಿ ಮಲಗಿದಾಗ ಗಿರಿಜವ್ವ ಗಂಡನ ಮಾತು ಕೇಳಲಿಲ್ಲ. ಗಂಟೆಗಳನ್ನು ಹಾಗೇ ಬಿಟ್ಟು, ಅವರನ್ನು ಓಮ್ನಿಯಲ್ಲಿ ಮಲಗಿಸಿಕೊಂಡು ಶಿರಸಿಗೆ ಹೊರಟರು. ಬಿಟ್ಟುಬಂದ ಗಂಟೆಗಳನ್ನು ಅಕ್ಕಪಕ್ಕದ ವ್ಯಾಪಾರಿಗಳೇ ಕಟ್ಟಿಟ್ಟು ಬಸ್ಸಿಗೆ ಹಾಕಿ ಕಳಿಸಿದರು. ಒಂದೂ ಕಡಿಮೆಯಾಗಿರಲಿಲ್ಲ ಎಂದು ವಿನೋದ ಎರಡು ಸಲ ಹೇಳಿದ.

ಅಂದಿನಿಂದ ಮನೆಯವರು ಕೆಲಸ ಹಂಚಿಕೊಂಡಿದ್ದಾರೆ. ಆಸ್ಪತ್ರೆಯಲ್ಲಿ ಇರುವುದು ಗಿರಿಜವ್ವ. ಬೆಳಗ್ಗೆ ಅವರು ಹತ್ತಿರದ ಪರಿಚಯದವರ ಮನೆಗೆ ಹೋಗಿ ಸ್ನಾನ, ಲಿಂಗಪೂಜೆ ಮುಗಿಸಿ ಬರುವವರೆಗೆ ಸೊಸೆ ಶಿಲ್ಪಾ ಮಂಚದ ಪಕ್ಕ ಇರುತ್ತಾಳೆ. ಡಾಕ್ಟರ್ ಸುತ್ತು ಬರುವುದು ಆ ಹೊತ್ತಿಗೇ. ಸಂತೆಯ ದಿನ ವಿನೋದ ತಟ್ಟು ಹಾಸುತ್ತಾನೆ. ಶಿಲ್ಪಾಳಿಗೆ ಸಂತೆ ಹೊಸದು. ಮೊದಲ ವಾರ ಗಿರಾಕಿಗಳನ್ನು ಕೂಗಿ ಕರೆಯಲು ಬಾಯಿ ಬರದೆ ಸುಮ್ಮನೆ ಕೂತಿದ್ದಳಂತೆ. ಹುಚ್ಚಣ್ಣನೇ ಕತ್ತಿಯ ಜೊತೆಗೆ ಗಂಟೆಯನ್ನೂ ಕೂಗಿದರಂತೆ.

“ಈ ಜಾಗಕ್ಕೆ ಯಾರಾದ್ರೂ ಕಾಲಿಡ್ಲಿ ನೋಡುವ,” ಎಂದು ಹುಚ್ಚಣ್ಣ ನನ್ನೆದುರು ಕುಡುಗೋಲೊಂದನ್ನು ಎತ್ತಿ ತೋರಿಸಿದ್ದರು. “ಮಾರೂಕೆ ತಂದದ್ದು ಹೌದು. ಆದ್ರೂ ಹರಿತ ಅದೆ.”

ಒಳಗೆ ಮಲಗಿದ ಸಂಗಯ್ಯ ನಗುವ ಸ್ಥಿತಿಯಲ್ಲಿಲ್ಲದಿದ್ದರೂ ಅವರನ್ನು ನಗಿಸುವ ಪ್ರಯತ್ನ ನಡೆದೇ ಇದೆ. ಗಂಟೆಯ ಜೊತೆಗೆ ಅವರು ಜೀವನವಿಡೀ ಎತ್ತಿನ ಮೂಗುದಾರವನ್ನೂ ಮಾರಿದವರು. ಎಚ್ಚರವಾದ ಮೊದಲ ದಿನ ಮೂಗಿನ ನಳಿಗೆಯನ್ನು ಮುಟ್ಟಿ ನೋಡಿಕೊಂಡು ಹೆಂಡತಿಯ ಕಡೆ ಕಣ್ಣು ತಿರುಗಿಸಿದರಂತೆ.

“‘ಎಷ್ಟ ಎತ್ತಿನ ಮೂಗಿಗೆ ಹಾಕಿಸೀರಿ, ಈಗ ನಿಮ್ಮ ಪಾಳಿ ಬಂತು, ತಡಕೋರಿ’ ಅಂದ್ನಿ,” ಎನ್ನುತ್ತಾರೆ ಗಿರಿಜವ್ವ. “ನಕ್ಕರ ಹೊಲಿಗಿ ಹರಿತೈತಿ ಅಂತ ಡಾಕ್ಟರ್ ಹೇಳಿದ್ರು. ಹೊಟ್ಟಿ ಹಿಡಕೊಂಡು ನಕ್ಕರು, ಪಾಪ. ನಂಗs ಹೆದರಿಕಿ ಆತು.”

ಆ ಮಂಗಳವಾರ ಶಿಲ್ಪಾ ಸಂತೆಗೆ ಹೋಗಿರುವುದರಿಂದ ಗಿರಿಜವ್ವ ಸ್ನಾನಕ್ಕೆ ಹೋಗಿಲ್ಲ. ಡಾಕ್ಟರ್ ಬರುವ ಹೊತ್ತಿಗೆ ಕಣ್ಣಿಯನ್ನು ಸುತ್ತಿಟ್ಟು, ಕೈ ತೊಳೆದು ಒಳಗೆ ಹೋಗುತ್ತಾರೆ. ಡಾಕ್ಟರ್ ಚಿಕ್ಕ ವಯಸ್ಸಿನ ಹೆಣ್ಣುಮಗಳು. ಜೊತೆಗೆ ಸಿಸ್ಟರ್ ರೋಹಿಣಿ, ಸಿದ್ದಾಪುರ ಕಡೆಯವರು. ನಾನು ಬಾಗಿಲಲ್ಲಿ ನಿಲ್ಲುತ್ತೇನೆ.

“ಅಜ್ಜಾ, ಗಾಳಿ ಹೋತಾ?” ರೋಹಿಣಿ ಜೋರಾಗಿಯೇ ಕೇಳುತ್ತಾರೆ. ದಿನವೂ ಕೇಳುವ ಪ್ರಶ್ನೆ.

ಸಂಗಯ್ಯ ಇಲ್ಲವೆಂದು ತಲೆ ಅಲ್ಲಾಡಿಸುತ್ತಾರೆ. ಡಾಕ್ಟರ್ ಹೊಟ್ಟೆ ಮುಟ್ಟಿ ನೋಡುತ್ತಾರೆ, ಹುಬ್ಬು ಗಂಟಿಕ್ಕುತ್ತಾರೆ. ನಾಳೆ ಬೆಳಗ್ಗೆ ಸ್ಕ್ಯಾನಿಗೆ ತಯಾರು ಮಾಡಿ ಎಂದು ರೋಹಿಣಿಗೆ ಹೇಳಿ ಮುಂದಿನ ಮಂಚಕ್ಕೆ ಹೋಗುತ್ತಾರೆ.

ಗಿರಿಜವ್ವ ಹೊರಗೆ ಬರುವುದಿಲ್ಲ. ಗಂಡನ ಮುಖವನ್ನೇ ನೋಡುತ್ತ ನಿಂತವರು ಮಂಚದ ಸುತ್ತಲಿನ ಪರದೆಯನ್ನು ಎಳೆದುಬಿಡುತ್ತಾರೆ. ಆಮೇಲೆ ನಡೆದ ಮಾತು ನಾನು ಕೇಳಿದ್ದಲ್ಲ, ಗಿರಿಜವ್ವ ಹೇಳಿದ್ದು. ತಪ್ಪಾಗಬಾರದೆಂದು ಸಂಗಯ್ಯ ಚೇತರಿಸಿಕೊಂಡ ಮೇಲೆ ಅವರನ್ನೂ ಕೇಳಿದ್ದೇನೆ. ಬರೆಯಬಹುದೇ ಎಂದೂ ಕೇಳಿದ್ದೇನೆ. “ಬರೀರಿ,” ಎಂದರು, “ನನ್ನಂಥಾ ಮರ್ಯಾದಸ್ಥ ಇನ್ನೂ ಯಾವನರ ಇದ್ರ ಓದ್ಲಿ.”

ಗಿರಿಜವ್ವನಿಗೆ ಅನುಮಾನ ಬಂದದ್ದು ಆ ತಲೆ ಅಲ್ಲಾಡಿಸಿದ ರೀತಿಯಿಂದ. “ಸಂತ್ಯಾಗ ಗಿರಾಕಿ ಚೌಕಾಸಿ ಮಾಡಿದಾಗ, ‘ಬರಂಗಿಲ್ರಿ, ಅಷ್ಟಕ್ಕ ನನಗs ಬಿದ್ದಿಲ್ಲ’ ಅಂತ ತಲಿ ಅಲ್ಲಾಡಸ್ತಾರಲ್ರಿ, ಹಂಗ ಅಲ್ಲಾಡಿಸಿದ್ರು. ಆ ತಲಿ ನನಗ ಗೊತ್ತಿಲ್ಲೇನು? ಚೀಲದ ಹಿಂದ ಕುಂತು ಜೀವಮಾನೆಲ್ಲಾ ಅದನ್ನ ನೋಡೇನಿ.”

“ಖರೇ ಹೇಳ್ರಿ,” ಎಂದು ಅವರು ಕಿವಿಯಲ್ಲಿ ಕೇಳಿದರು.

ಸಂಗಯ್ಯ ಗೋಡೆಯ ಕಡೆ ಮುಖ ತಿರುಗಿಸಿದರು.

“ನಾ ಬಿಟ್ರ ಯಾರೂ ಇಲ್ಲಿಲ್ಲ. ಹೇಳ್ರಿ.”

ಆಗ, ನಳಿಗೆಯ ನಡುವೆ, ಕೇಳಿಸಿಯೂ ಕೇಳಿಸದ ದನಿಯಲ್ಲಿ ಉತ್ತರ ಬಂತು: “ನಿನ್ನೆ ಮುಂಜಾನೇನ ಹೋಗೇತಿ.”

ನಿನ್ನೆ ಬೆಳಗ್ಗೆ! ಡಾಕ್ಟರ್ ಸುತ್ತು ಬರುವುದಕ್ಕೆ ಸ್ವಲ್ಪ ಮೊದಲು. ಪಕ್ಕದ ಸ್ಟೂಲಿನ ಮೇಲೆ ಸೊಸೆ ಕೂತಿದ್ದಳು. ಆಕೆ ಮನೆಗೆ ಬಂದಂದಿನಿಂದ ಮಾವನ ಎದುರು ಸೆರಗು ಸರಿಮಾಡಿಕೊಳ್ಳದೆ ನಿಂತವಳಲ್ಲ. ಹಬ್ಬಹರಿದಿನ ಬಂದರೆ ಊರಿನವರು ಸಂಗಯ್ಯನವರ ಪಾದ ಮುಟ್ಟುತ್ತಾರೆ, ಅಯ್ಯನವರೇ ಎನ್ನುತ್ತಾರೆ. ಅಂಥವರು ಸೊಸೆಯ ಮುಂದೆ, ಮಗಳ ವಯಸ್ಸಿನ ಡಾಕ್ಟರ ಮುಂದೆ, ಇಡೀ ವಾರ್ಡು ಕೇಳುವಂತೆ ಏನೆಂದು ಹೌದೆನ್ನುವುದು? ಇಲ್ಲ ಎಂದರು. ಒಮ್ಮೆ ಇಲ್ಲವೆಂದ ಮೇಲೆ ಮರುದಿನವೂ ಇಲ್ಲವೆನ್ನದೆ ಬೇರೆ ದಾರಿ ಕಾಣಲಿಲ್ಲ.

“ನಿಮ್ಮ ಮರ್ಯಾದಿ ಉಳಸಾಕ ಮತ್ತೊಮ್ಮೆ ಹೊಟ್ಟಿ ಕೊಯ್ಸಿಕೊಳ್ಳೋರಿದ್ರೇನು?” ಎಂದು ಗಿರಿಜವ್ವ ಗದರಿದ್ದು ಪರದೆ ದಾಟಿ ಬಾಗಿಲವರೆಗೂ ಕೇಳಿಸಿತು. ಅಷ್ಟು ಮಾತ್ರ ನಾನೇ ಕೇಳಿದ್ದು.

ಹೊರಗೆ ಬಂದವರು ರೋಹಿಣಿಯ ಕೈ ಹಿಡಿದು, ಔಷಧದ ಕೋಣೆಯ ಹತ್ತಿರ ಕರೆದೊಯ್ದು ಹೇಳುತ್ತಾರೆ. ರೋಹಿಣಿ ಹಣೆಗೆ ಕೈ ಹಚ್ಚುತ್ತಾರೆ. “ಅಯ್ಯೋ ದೇವರೇ. ಹೊಟ್ಟೆ ಒಳಗಿನದ್ದಕ್ಕೆ ನಾಚ್ಕೆ ಎಂತಕ್ಕೆ ಅಮ್ಮಾ? ನಾವು ಕಾಯ್ತಾ ಇರೋದೇ ಅದನ್ನ.” ಡಾಕ್ಟರ್ ಮತ್ತೆ ಬರುತ್ತಾರೆ, ಹೊಟ್ಟೆಯ ಮೇಲೆ ಸ್ಟೆತೋಸ್ಕೋಪ್ ಇಟ್ಟು ಬಹಳ ಹೊತ್ತು ಆಲಿಸುತ್ತಾರೆ. ಅವರಿಗೆ ಪೂರ್ತಿ ನಂಬಿಕೆ ಬರುವುದಿಲ್ಲ. ಬಾಯಾರಿಕೆ ತಡೆಯದೆ, ನೀರು ಸಿಗಲೆಂದು ಹೋಯಿತು ಎಂದುಬಿಡುವವರೂ ಇರುತ್ತಾರಂತೆ. ಹೋಗಿದ್ದರೆ ಮತ್ತೆ ಹೋಗಲೇಬೇಕು, ಸಂಜೆಯವರೆಗೆ ನೋಡೋಣ, ಆದಾಗ ಆ ಕ್ಷಣವೇ ತಿಳಿಸಬೇಕು ಎನ್ನುತ್ತಾರೆ.

ತಿಳಿಸುವುದು ಹೇಗೆ? ಬಾಯಿಬಿಟ್ಟು ಹೇಳುವವರಲ್ಲ ಎಂಬುದಂತೂ ಗೊತ್ತಾಗಿದೆ.

ಗಿರಿಜವ್ವ ತಮ್ಮ ಚೀಲಕ್ಕೆ ಕೈ ಹಾಕುತ್ತಾರೆ. ಒಂದು ಕರುವಿನ ಗಂಟೆ, ನಿಂಬೆಹಣ್ಣಿಗಿಂತ ಸ್ವಲ್ಪ ದೊಡ್ಡದು. ವಾರ್ಡಿನಲ್ಲಿ ಬೇರೆಯವರೂ ಮಲಗಿದ್ದಾರೆಂದು, ರೋಹಿಣಿಯಿಂದ ಒಂದು ತುಂಡು ಬ್ಯಾಂಡೇಜ್ ಬಟ್ಟೆ ಇಸಿದುಕೊಂಡು ಅದರ ನಾಲಿಗೆಗೆ ಸುತ್ತುತ್ತಾರೆ. ಅಲ್ಲಾಡಿಸಿ ನೋಡುತ್ತಾರೆ. ಸುತ್ತು ಹೆಚ್ಚಾಯಿತು, ಬಿಚ್ಚಿ ಕಡಿಮೆ ಮಾಡುತ್ತಾರೆ. ಈಗ ಅದು ಠಣ್ ಎನ್ನುವುದಿಲ್ಲ, ಬಾವಿಯೊಳಗೆ ಕೊಡ ಗೋಡೆಗೆ ತಾಗಿದ ಹಾಗೆ ಮೆಲ್ಲಗೆ ಸದ್ದು ಮಾಡುತ್ತದೆ. ಗಂಟೆಯನ್ನು ಒರೆಸಿ, ಹೊಸ ಹತ್ತಿಯ ದಾರದಲ್ಲಿ ಕಟ್ಟಿ, ಸಂಗಯ್ಯನವರ ಕೈಬೆರಳಿಗೆ ಸಿಕ್ಕಿಸುತ್ತಾರೆ.

“ಬಾಯಿಲೆ ಏನೂ ಹೇಳಬ್ಯಾಡ್ರಿ. ಅದು ಹೋತಂದ್ರ ಇದನ್ನ ಅಲ್ಲಾಡಸ್ರಿ. ನಾ ಬಾಗಲ್ದಾಗ ಕುಂತೇನಿ.”

ಸಂಗಯ್ಯ ಆಗಲೆಂದು ತಲೆಯಾಡಿಸುತ್ತಾರೆ. ಇದು ಸಂತೆಯ ತಲೆಯಲ್ಲ ಎಂದು ಗಿರಿಜವ್ವ ಹೇಳುತ್ತಾರೆ.

ವಾರ್ಡಿನಲ್ಲಿ ಇಂಥ ಸುದ್ದಿ ನಿಲ್ಲುವುದಿಲ್ಲ. ಎದುರಿನ ಮಂಚದ ಉಮ್ಮಚಗಿಯ ಮುದುಕರು ರೇಡಿಯೋ ಸಣ್ಣದು ಮಾಡುತ್ತಾರೆ. ಊಟ ತಂದವರು ಮೆಲ್ಲನೆ ಮಾತಾಡುತ್ತಾರೆ. ಗಿರಿಜವ್ವ ಮತ್ತೆ ಕಾಲು ಚಾಚಿ ಹೆಬ್ಬೆರಳಿಗೆ ನಾರು ಸಿಕ್ಕಿಸಿದ್ದಾರೆ. ಆದರೆ ಹೆಣಿಗೆ ಮುಂದೆ ಹೋಗುತ್ತಿಲ್ಲ. ಹೆಣೆದದ್ದನ್ನೇ ಬಿಚ್ಚಿ ಮತ್ತೆ ಹೆಣೆಯುತ್ತಾರೆ. ನಾನು ಪ್ರಶ್ನೆ ಕೇಳುವುದನ್ನು ನಿಲ್ಲಿಸುತ್ತೇನೆ.

ಮಧ್ಯಾಹ್ನ ಇಳಿಯುವ ಹೊತ್ತಿಗೆ ಶಿಲ್ಪಾ ಸಂತೆಯಿಂದ ಬರುತ್ತಾಳೆ, ಕೈಯಲ್ಲಿ ಅತ್ತೆಗೆಂದು ತಂದ ರೊಟ್ಟಿ ಪಲ್ಯದ ಡಬ್ಬಿ. ಅವಳಿಗೆ ಈ ಒಪ್ಪಂದದ ಸುದ್ದಿ ಗೊತ್ತಿಲ್ಲ. ಮಾವನಿಗೆ ಸಂತೆಯ ವರದಿ ಒಪ್ಪಿಸಲೆಂದು ನೇರ ವಾರ್ಡಿನೊಳಗೆ ಕಾಲಿಡುತ್ತಾಳೆ. ಅದೇ ಹೊತ್ತಿಗೆ ಗಂಟೆ ಅಲ್ಲಾಡುತ್ತದೆ.

“ಏನ ಬೇಕ್ರಿ ಮಾವಾರ? ನೀರೇನ್ರಿ? ಅಯ್ಯ, ನೀರ ಕೊಡೂಹಂಗಿಲ್ಲ. ಮತ್ತೇನ ಬೇಕ್ರಿ?” ಎಂದು ಶಿಲ್ಪಾ ಗಾಬರಿಯಿಂದ ಮಂಚದ ಹತ್ತಿರ ಓಡುತ್ತಾಳೆ.

ಸಂಗಯ್ಯ ಕಣ್ಣು ಗಟ್ಟಿಯಾಗಿ ಮುಚ್ಚಿಕೊಳ್ಳುತ್ತಾರೆ. ಕೈ ಮಾತ್ರ ಗಂಟೆಯನ್ನು ಬಿಡುವುದಿಲ್ಲ, ಅಲ್ಲಾಡಿಸುತ್ತಲೇ ಇದೆ. ಉಮ್ಮಚಗಿಯ ಮುದುಕರು ಚಪ್ಪಾಳೆ ಹೊಡೆಯುತ್ತಾರೆ. ರೋಹಿಣಿ ಓಡಿ ಬಂದು ಶಿಲ್ಪಾಳ ಹೆಗಲು ಹಿಡಿದು, “ಎಂತ ಬ್ಯಾಡ ಮಾರಾಯ್ತಿ, ಬೇಕಾದ್ದು ಬಂತು!” ಎನ್ನುತ್ತಾರೆ. ಅರ್ಥವಾಗಲು ಶಿಲ್ಪಾಳಿಗೆ ಒಂದು ಗಳಿಗೆ ಬೇಕಾಗುತ್ತದೆ. ಆಮೇಲೆ ಸೆರಗನ್ನು ಬಾಯಿಗೆ ತುರುಕಿಕೊಂಡು ಹೊರಗೆ ಓಡುತ್ತಾಳೆ. ಅತ್ತೆ ಸೊಸೆ ಇಬ್ಬರೂ ಗೋಡೆಗೆ ಒರಗಿ ನಗುತ್ತಾರೆ. ನಗುತ್ತ ನಗುತ್ತ ಗಿರಿಜವ್ವ ಅಳಲು ಶುರುಮಾಡುತ್ತಾರೆ. ಶಿಲ್ಪಾ ಅವರ ತಲೆಯನ್ನು ತನ್ನ ಹೆಗಲಿಗೆ ಒತ್ತಿ ಹಿಡಿದು, “ಸಾಕ್ರಿ ಅತ್ತಿ, ಸಾಕ್ರಿ,” ಎನ್ನುತ್ತ ನಿಲ್ಲುತ್ತಾಳೆ.

ಡಾಕ್ಟರ್ ಬಂದು ನೋಡಿ ಒಪ್ಪುತ್ತಾರೆ. ಸಂಜೆ ರೋಹಿಣಿ ಚಮಚದಲ್ಲಿ ನೀರು ತರುತ್ತಾರೆ. ಕೊಡುವವರು ಯಾರು ಎಂಬ ಮಾತು ಬಂದಾಗ ಗಿರಿಜವ್ವ ಚಮಚವನ್ನು ಸೊಸೆಯ ಕೈಗೆ ಕೊಡುತ್ತಾರೆ.

“ಇಷ್ಟ ದಿವ್ಸ ಪಕ್ಕಕ್ಕ ಕುಂತಾಕಿ ಅವಳು. ಆಕೀನs ಕೊಡ್ಲಿ. ಅವರ ನಾಚಿಕೀನೂ ಹೋಗ್ಲಿ.”

ಸಂಗಯ್ಯ ಬಾಯಿ ತೆರೆಯುತ್ತಾರೆ.

ಮರುದಿನ ಸ್ಕ್ಯಾನ್ ಬೇಕಾಗಲಿಲ್ಲ. ಮೂಗಿನ ನಳಿಗೆ ಹೋಯಿತು. ಗಂಜಿಯ ತಿಳಿ, ಆಮೇಲೆ ಗಂಜಿ, ಆಮೇಲೆ ಮೆತ್ತಗಿನ ಅನ್ನ. ಎದ್ದು ನಡೆಯುವಾಗ ಒಂದು ಕೈ ಹೆಂಡತಿಯ ಹೆಗಲ ಮೇಲೆ, ಇನ್ನೊಂದು ಕೈಯಲ್ಲಿ ಗಂಟೆ. ಮನೆಗೆ ಹೋದ ಮೇಲೂ ಅದನ್ನು ಬಿಡಲಿಲ್ಲವಂತೆ. ಗಿರಿಜವ್ವ ಹಿತ್ತಲಲ್ಲಿದ್ದರೂ, ನೀರಿಗೆ ಹೋಗಿದ್ದರೂ ಅದೇ ಕರೆ.

ನಾನು ಅವರನ್ನು ಮತ್ತೆ ನೋಡುವುದು ಶಿರಸಿಯ ಸಂತೆಯಲ್ಲಿ. ಮಂಗಳವಾರದ ಬೆಳಗು, ಬಿಸಿಲು ಇನ್ನೂ ಅಂಗಡಿಗಳ ಮಾಡಿನ ಮೇಲಿದೆ. ವಿನೋದ ತಟ್ಟು ಹಾಸಿದ್ದಾನೆ. ಸಂಗಯ್ಯನವರಿಗೆ ನೆಲದ ಮೇಲೆ ಕೂರುವುದು, ಭಾರ ಎತ್ತುವುದು ಇನ್ನೂ ಕೂಡದು. ಅದಕ್ಕಾಗಿ ತಟ್ಟಿನ ನಟ್ಟನಡುವೆ ಪ್ಲಾಸ್ಟಿಕ್ ಕುರ್ಚಿ ಹಾಕಿದ್ದಾರೆ. ಅಂಗಿ ಹೆಗಲಿನಲ್ಲಿ ಜೋಲುತ್ತಿದೆ, ಹಣೆಯ ವಿಭೂತಿ ಎಂದಿನಂತೆ ದಟ್ಟವಾಗಿದೆ.

“ಏನು ಸಂಗಯ್ಯನೋರೇ, ಕುರ್ಚಿ ಗಿರ್ಚಿ! ಸಂತೆ ಸಾಹೇಬ್ರಾಗಿಬಿಟ್ರಲ್ಲ,” ಹುಚ್ಚಣ್ಣ ಕೂಗುತ್ತಾರೆ.

“ನಿನ್ನ ಕುಡಗೋಲಿನ ಕಾಟಕ್ಕ ಮ್ಯಾಲೆ ಕುಂತೇನೋ ಮಾರಾಯ,” ಸಂಗಯ್ಯ ಉತ್ತರಿಸುತ್ತಾರೆ. ದನಿ ಸಣ್ಣಗಾಗಿದೆ. ಸಂತೆಯ ಗದ್ದಲದಲ್ಲಿ ಗಿರಾಕಿಗಳಿಗೆ ಮುಟ್ಟುವುದಿಲ್ಲ. ಗಿರಾಕಿಗಳನ್ನು ಕರೆಯುವವಳು ಈಗ ಶಿಲ್ಪಾ. ಅವಳ ಬಾಯಿ ಚೆನ್ನಾಗಿ ಬಂದಿದೆ.

ಗಿರಿಜವ್ವ ಎಂದಿನಂತೆ ಹಿಂದೆ, ಚೀಲಗಳ ಮರೆಯಲ್ಲಿ. ಮುಂದೆ ಬಂದು ಕೂರಬಾರದೇ, ನಿಮ್ಮ ಹೆಸರೂ ಜನಕ್ಕೆ ಗೊತ್ತಾಗಲಿ ಎನ್ನುತ್ತೇನೆ. ಅವರು ನಾಲಿಗೆಯೊಂದರ ಗಂಟನ್ನು ಹಲ್ಲಿನಿಂದ ಬಿಗಿಯುತ್ತಾರೆ. “ಹೆಸರ ತಗೊಂಡು ಏನ್ ಮಾಡೂದ್ರಿ? ಮೂರ ತಾಲೂಕಿನ ದನದ ಕೊಳ್ಳಾಗ ನನ್ನ ಕೈ ಆಡೇತಿ. ಆ ದನಕ್ಕೇನ ನನ್ನ ಹೆಸರ ಗೊತ್ತಿತ್ತು? ತಿರುಗಿ ಮನೀಗೆ ಬರ್ತಿದ್ವು, ಅಷ್ಟ ಸಾಕಾತು.”

ಮತ್ತೆ ಏನು ಆಸೆ ಎಂದು ಕೇಳುತ್ತೇನೆ. ಶಿಲ್ಪಾಳ ಎದುರು ಮೂರು ನಾಲ್ಕು ಮಂದಿ ಗಿರಾಕಿಗಳು ಗಂಟೆಗಳನ್ನು ಎತ್ತಿ ಎತ್ತಿ ಬಾರಿಸುತ್ತಿದ್ದಾರೆ. ಸಾಲಾಗಿ ತೂಗಿದ ಗಂಟೆಗಳಿಗೆ ಯಾರದೋ ಭುಜ ತಾಗಿ ಎಲ್ಲವೂ ಒಟ್ಟಿಗೆ ಹೊಯ್ದಾಡುತ್ತಿವೆ. ಆಚೆ ಮೆಣಸಿನಕಾಯಿಯವರ ಕೂಗು, ಬಸ್ಸಿನ ಹಾರ್ನು. ನನ್ನ ಪ್ರಶ್ನೆಯೇ ಅವರಿಗೆ ಕೇಳಿಸಿತೋ ಇಲ್ಲವೋ ಎಂದು ಮತ್ತೊಮ್ಮೆ ಕೇಳಲು ಬಾಯಿ ತೆರೆಯುತ್ತೇನೆ.

ಗಿರಿಜವ್ವ ತಟ್ಟನೆ ಎದ್ದು ನಿಲ್ಲುತ್ತಾರೆ. ಕೈಯಲ್ಲಿದ್ದ ಗಂಟೆಯನ್ನು ನನ್ನ ಮಡಿಲಿಗೆ ಹಾಕಿ, ನೀರಿನ ಬಾಟಲಿ ತೆಗೆದುಕೊಂಡು ಚೀಲ ದಾಟಿ ಹೋಗುತ್ತಾರೆ. ಕುರ್ಚಿಯಲ್ಲಿ ಕೂತ ಸಂಗಯ್ಯನವರ ಬೆರಳಿನಲ್ಲಿ ಬಟ್ಟೆ ಸುತ್ತಿದ ನಾಲಿಗೆಯ ಆ ಪುಟ್ಟ ಗಂಟೆ ತೂಗುತ್ತಿದೆ. ಅದು ಅಲ್ಲಾಡಿದ್ದು ನನಗೆ ಕೇಳಿಸಿರಲಿಲ್ಲ.

ಗಂಡ ನೀರು ಕುಡಿಯುವವರೆಗೆ ನಿಂತು, ಬಾಟಲಿಯ ಮುಚ್ಚಳ ಹಾಕಿ, ಅವರು ಮರಳಿ ಬಂದು ಕೂರುತ್ತಾರೆ. ಮಡಿಲಿನಿಂದ ಗಂಟೆ ಎತ್ತಿಕೊಡುತ್ತೇನೆ.

“ಏನೋ ಕೇಳಿದ್ರೆಲಾ,” ಎನ್ನುತ್ತಾರೆ ಗಿರಿಜವ್ವ, ದಾರದ ತುದಿ ಹುಡುಕುತ್ತ. “ಇದs ನೋಡ್ರಿ. ಅವರು ಬಾರಸ್ತಿರಬೇಕು, ನನಗ ಕೇಳಸ್ತಿರಬೇಕು. ಮತ್ತೇನ್ ಬ್ಯಾಡ.”